ಬರ, ನೆರೆಗೆ ಊರು ಬಿಟ್ಟವರ ಲೆಕ್ಕ: ಯಾವ ಅಂಕಿಯನ್ನು ನಂಬಬೇಕು, ಯಾರ ಹೆಸರು ಬರೆದುಕೊಳ್ಳಬೇಕು?

ಓದುಗರ ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ನಿವೃತ್ತ ಭೂಗೋಳ ಮಾಸ್ತರ. ಮಗಳು ಸಂಖ್ಯಾಶಾಸ್ತ್ರ ಓದಿದ್ದಾಳೆ. ಮುಂದಿನ ತಿಂಗಳು ಮೊಜಾಂಬಿಕ್‌ನ ಬೈರಾ ನಗರದಲ್ಲಿ ಪರಿಹಾರ ಸಂಸ್ಥೆಯೊಂದರ ಮಾಹಿತಿ ವಿಭಾಗಕ್ಕೆ ಸೇರಲಿದ್ದಾಳೆ. ಚಂಡಮಾರುತ, ನೆರೆ, ಬರಗಳಿಂದ ಊರು ಬಿಟ್ಟವರ ಲೆಕ್ಕ ಇಡುವುದು ಅವಳ ಕೆಲಸವಂತೆ. ಈ ಬಗ್ಗೆ ಓದಲು ಕುಳಿತ ನನಗೆ ಗೊಂದಲವೇ ಹೆಚ್ಚಾಯಿತು. ಒಂದು ಕಡೆ 2050ರ ಹೊತ್ತಿಗೆ ಆಫ್ರಿಕಾದಿಂದ 8.6 ಕೋಟಿ ‘ಹವಾಮಾನ ನಿರಾಶ್ರಿತರು’ ಹೊರಡುತ್ತಾರೆ ಎಂದಿದೆ. ಇನ್ನೊಂದು ಕಡೆ 2023ರಲ್ಲಿ ಆಫ್ರಿಕಾದಲ್ಲಿ 63 ಲಕ್ಷ ಎಂದಿದೆ. ಮತ್ತೊಂದು ಕಡೆ ಅದೇ ವರ್ಷಕ್ಕೆ ಇಡೀ ಜಗತ್ತಿನದೇ 77 ಲಕ್ಷ! ದೇಣಿಗೆಗಾಗಿ ಅಂಕಿ ಉಬ್ಬಿಸುತ್ತಾರೆಯೇ? ನಮ್ಮ ಭಾಗದಿಂದ ಗುಳೆ ಹೋಗುವವರಂತೆ ಅಲ್ಲಿ ಮೆಲ್ಲಗೆ ಊರು ಖಾಲಿ ಮಾಡುವವರು ಈ ಲೆಕ್ಕಕ್ಕೆ ಬರುತ್ತಾರೆಯೇ? ಎಲ್ಲಕ್ಕಿಂತ ಹೆಚ್ಚಾಗಿ, ಬೆರಳಚ್ಚು, ಮೊಬೈಲ್ ಜಾಡು ಎಂದೆಲ್ಲ ಕೇಳಿ ಮನಸ್ಸಿಗೆ ಕಸಿವಿಸಿಯಾಗುತ್ತಿದೆ. ಕಷ್ಟದಲ್ಲಿರುವವರ ಬೆನ್ನು ಹತ್ತಿ ಮಾಹಿತಿ ಕಲೆಹಾಕುವುದು ಅವರಿಗೇ ಮುಳುವಾಗುವುದಿಲ್ಲವೇ?

ಉತ್ತರ: ಮಾಸ್ತರರೇ, ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ, ಆದ್ದರಿಂದ ಎಲ್ಲೋ ಸುಳ್ಳಿದೆ ಎಂಬುದು ಒಂದು. ಮಗಳು ಬರೆದುಕೊಳ್ಳುವ ಮಾಹಿತಿಯಿಂದ ಆ ಜನರಿಗೇ ಕೇಡಾದರೆ ಎಂಬುದು ಇನ್ನೊಂದು. ಮೊದಲನೆಯದನ್ನು ಬಿಡಿಸಿ ಹೇಳಿದರೆ ನಿಮಗೆ ಸಮಾಧಾನವಾದೀತು. ಎರಡನೆಯದು ಸುಲಭಕ್ಕೆ ಕರಗುವ ಆತಂಕವಲ್ಲ. ಪೂರ್ವ ಆಫ್ರಿಕಾದ ಶಿಬಿರಗಳಲ್ಲಿ ಇದೇ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವನಾಗಿ, ಅದು ನ್ಯಾಯವಾದ ಆತಂಕವೆಂದೇ ಹೇಳುತ್ತೇನೆ.

ನೀವು ಕೊಟ್ಟ ಮೂರು ಅಂಕಿಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಮೂರೂ ಬೇರೆ ಬೇರೆ ಸಂಗತಿಗಳನ್ನು ಎಣಿಸುತ್ತವೆ. 8.6 ಕೋಟಿ ಎಂಬುದು ವಿಶ್ವ ಬ್ಯಾಂಕ್ 2021ರಲ್ಲಿ ಪ್ರಕಟಿಸಿದ ಮುನ್ನಂದಾಜು. ಅದು ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾಕ್ಕೆ ಸಂಬಂಧಿಸಿದ್ದು. ಅದೂ ‘ಇಷ್ಟರವರೆಗೆ ಹೋಗಬಹುದು’ ಎಂಬ ಗರಿಷ್ಠ ಮಿತಿ. ನೀರಿನ ಕೊರತೆ, ಇಳುವರಿಯ ಕುಸಿತ, ಸಮುದ್ರ ಮಟ್ಟದ ಏರಿಕೆಯಂಥ ನಿಧಾನದ ಬದಲಾವಣೆಗಳಿಂದ ತಮ್ಮ ದೇಶದೊಳಗೇ ಜಾಗ ಬದಲಿಸಬಹುದಾದವರ ಅಂದಾಜು ಅದು. ಚಂಡಮಾರುತ, ಹಠಾತ್ ನೆರೆ ಆ ಲೆಕ್ಕದಲ್ಲಿಲ್ಲ. ಗಡಿ ದಾಟುವವರಂತೂ ಇಲ್ಲವೇ ಇಲ್ಲ. ಜಗತ್ತು ಇಂಗಾಲದ ಹೊಗೆಯನ್ನು ತಗ್ಗಿಸಿ, ಆ ದೇಶಗಳಲ್ಲಿ ಎಲ್ಲರನ್ನೂ ಒಳಗೊಳ್ಳುವ ಅಭಿವೃದ್ಧಿ ನಡೆದರೆ ವರದಿ ಲೆಕ್ಕ ಹಾಕಿದ ಜಗತ್ತಿನ ಆರು ಪ್ರದೇಶಗಳ ಒಟ್ಟು ಸಂಖ್ಯೆ ಶೇ 80ರಷ್ಟು ಕುಗ್ಗಬಹುದು ಎಂದು ಅದೇ ವರದಿ ಹೇಳಿದೆ. ಆ ಸಾಲನ್ನು ಉಲ್ಲೇಖಿಸುವವರು ಕಡಿಮೆ. ಯುರೋಪಿನ ಕರಾವಳಿಗೆ ಹೊರಟ ದೋಣಿಯ ಚಿತ್ರದ ಪಕ್ಕದಲ್ಲಿ ಈ ಸಂಖ್ಯೆಯನ್ನು ಅಚ್ಚು ಹಾಕುವುದು ಜನರನ್ನು ಹೆದರಿಸುವ ಕೆಲಸ. ಅದರ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ನೆಲೆ ಕಳೆದುಕೊಂಡ ಆಫ್ರಿಕನ್ನರಲ್ಲಿ ಬಹುಪಾಲು ಜನ ಹೋಗುವುದು ಪಕ್ಕದ ದಿಬ್ಬಕ್ಕೆ, ಪಕ್ಕದ ಊರಿಗೆ, ಜಿಲ್ಲಾ ಕೇಂದ್ರದ ಅಂಚಿಗೆ. ದೂರ ಹೋಗಲು ಹಣ ಬೇಕು. ಬರ ಮೊದಲು ಕಸಿಯುವುದೇ ಅದನ್ನು.

63 ಲಕ್ಷ ಎಂಬುದು ಜಿನೀವಾದ ಆಂತರಿಕ ಸ್ಥಳಾಂತರ ನಿಗಾ ಕೇಂದ್ರದ ಅಂಕಿ. 1998ರಲ್ಲಿ ನಾರ್ವೆಯ ನಿರಾಶ್ರಿತರ ಮಂಡಳಿ ಹುಟ್ಟುಹಾಕಿದ ಸಂಸ್ಥೆ ಅದು. ಅಲ್ಲಿ ಎಣಿಸಿರುವುದು ಜನರನ್ನಲ್ಲ, ಎಷ್ಟು ಬಾರಿ ಮನೆ ಬಿಡಬೇಕಾಯಿತು ಎಂಬುದನ್ನು. ಸೊಮಾಲಿಯಾದ ಬೆಲೆದ್‌ವೇನ್ ಪಟ್ಟಣವನ್ನೇ ನೋಡಿ. 2023ರ ಮೇ ತಿಂಗಳಲ್ಲಿ ಶಬೆಲ್ಲೆ ನದಿ ಉಕ್ಕಿ ಎರಡು ಲಕ್ಷಕ್ಕೂ ಹೆಚ್ಚು ಜನ ಎತ್ತರದ ಜಾಗಗಳಿಗೆ ಓಡಿದರು. ನೀರಿಳಿದ ಮೇಲೆ ಹಲವರು ಮರಳಿದರು. ನವೆಂಬರ್‌ನಲ್ಲಿ ಅದೇ ನದಿ ಮತ್ತೆ ಉಕ್ಕಿತು, ಊರು ಮತ್ತೆ ಖಾಲಿಯಾಯಿತು. ಎರಡೂ ಸಲ ಓಡಿದ ತಾಯಿಯೊಬ್ಬಳು ಆ ವರ್ಷದ ಲೆಕ್ಕದಲ್ಲಿ ಎರಡು. ಇನ್ನು 77 ಲಕ್ಷ ಎಂಬುದು, ವಿಪತ್ತಿಗೆ ಸಿಕ್ಕಿ ಮನೆ ಬಿಟ್ಟು 2023ರ ಡಿಸೆಂಬರ್ ಕೊನೆಗೂ ಹಿಂದಿರುಗಲಾಗದೆ ಉಳಿದವರ ಸಂಖ್ಯೆ, ಇಡೀ ಜಗತ್ತಿನದು. ಅದೇ ವರ್ಷ ಜಗತ್ತಿನಾದ್ಯಂತ ವಿಪತ್ತುಗಳಿಂದ ಮನೆ ಬಿಟ್ಟ ಪ್ರಸಂಗಗಳು 2.64 ಕೋಟಿ. ಆಸ್ಪತ್ರೆಯೊಂದಕ್ಕೆ ವರ್ಷವಿಡೀ ದಾಖಲಾದವರ ಸಂಖ್ಯೆಗೂ ವರ್ಷದ ಕೊನೆಯ ರಾತ್ರಿ ಹಾಸಿಗೆಯಲ್ಲಿರುವವರ ಸಂಖ್ಯೆಗೂ ಇರುವಷ್ಟೇ ಅಂತರ ಇದು. ಸಂಖ್ಯೆಗಳು ಜಗಳವಾಡುತ್ತಿಲ್ಲ, ಅವುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದವರು ತಪ್ಪು ಮಾಡಿದ್ದಾರೆ.

ಇಲ್ಲಿ ಇನ್ನೊಂದು ಮಾತು. ಆಫ್ರಿಕಾದ ವಿಪತ್ತು ಸ್ಥಳಾಂತರ 2009ರಲ್ಲಿ 11 ಲಕ್ಷ ಇದ್ದದ್ದು 2023ಕ್ಕೆ 63 ಲಕ್ಷವಾಯಿತು ಎನ್ನುವಾಗ ಅಷ್ಟೂ ಏರಿಕೆಯನ್ನು ಹವಾಮಾನದ ತಲೆಗೆ ಕಟ್ಟಬೇಡಿ. ನೆರೆಗಳು ಹೆಚ್ಚಿವೆ, ನದಿ ಬಯಲುಗಳಲ್ಲಿ ವಾಸಿಸುವವರೂ ಹೆಚ್ಚಿದ್ದಾರೆ. ಜೊತೆಗೆ, ಹಿಂದೆ ಯಾರೂ ಎಣಿಸದೇ ಬಿಟ್ಟವರನ್ನು ಈಗ ಎಣಿಸಲಾಗುತ್ತಿದೆ. ಮುನ್ನೆಚ್ಚರಿಕೆ ಕೇಳಿ ಮೊದಲೇ ಶಾಲೆ, ಚರ್ಚುಗಳಿಗೆ ಹೋದವರೂ ಸ್ಥಳಾಂತರಗೊಂಡವರೇ. ಹಾಗಾಗಿ ಒಳ್ಳೆಯ ಮುನ್ಸೂಚನೆ ಇರುವ ದೇಶದಲ್ಲಿ ಸ್ಥಳಾಂತರದ ಅಂಕಿ ದೊಡ್ಡದಾಗಿ, ಸಾವಿನ ಅಂಕಿ ಚಿಕ್ಕದಾಗಿರುತ್ತದೆ. ದೊಡ್ಡ ಸಂಖ್ಯೆ ಕಂಡಾಕ್ಷಣ ಅನಾಹುತವೆಂದು ತೀರ್ಮಾನಿಸುವಂತಿಲ್ಲ.

ಉಬ್ಬಿಸುತ್ತಾರೆಯೇ ಎಂಬ ಪ್ರಶ್ನೆಗೆ ಬರುತ್ತೇನೆ. ಅಂತರರಾಷ್ಟ್ರೀಯ ವಲಸೆ ಸಂಸ್ಥೆ 2004ರಲ್ಲಿ ಇರಾಕ್‌ನಲ್ಲಿ ಶುರುಮಾಡಿದ ಸ್ಥಳಾಂತರ ಜಾಡು ವ್ಯವಸ್ಥೆಯೇ, ಅಂದರೆ ಡಿಟಿಎಂ, ಇಂದು ಆಫ್ರಿಕಾದ ಬಹುತೇಕ ಲೆಕ್ಕಗಳ ತಳಪಾಯ. ಅದು ಮನೆಮನೆಗೆ ಹೋಗಿ ತಲೆ ಎಣಿಸುವುದಲ್ಲ. ಊರಿನ ಮುಖಂಡ, ಶಾಲೆಯ ಶಿಕ್ಷಕ, ಆರೋಗ್ಯ ಕಾರ್ಯಕರ್ತೆ, ಶಿಬಿರದ ಸಮಿತಿಯವರು ಹೀಗೆ ನಾಲ್ಕಾರು ಬಲ್ಲವರನ್ನು ಪ್ರತ್ಯೇಕವಾಗಿ ಕೇಳಿ, ಉತ್ತರಗಳನ್ನು ಹೋಲಿಸಿ, ಗುಡಾರಗಳನ್ನು ಕಣ್ಣಾರೆ ನೋಡಿ ಅಂದಾಜು ಕಟ್ಟುತ್ತಾರೆ. ಜನರನ್ನು ಕೇಳಲಾಗದ ಕಡೆ, ಕುಸಿದ ಮನೆಗಳ ಸಂಖ್ಯೆಯನ್ನು ಸರಾಸರಿ ಕುಟುಂಬದ ಗಾತ್ರದಿಂದ ಗುಣಿಸುತ್ತಾರೆ. ಇಂಥ ವಿಧಾನದಲ್ಲಿ ಉಬ್ಬರಕ್ಕೆ ಜಾಗವಿದೆ, ಸುಳ್ಳು ಹೇಳಲಾರೆ. ಸೊಮಾಲಿಯಾದ ರಾಜಧಾನಿ ಮೊಗದಿಶುವಿನ ಶಿಬಿರಗಳಲ್ಲಿ ಜಾಗದ ಯಜಮಾನರೋ ಅವರ ಕಡೆಯವರೋ ‘ಬಾಗಿಲು ಕಾಯುವವರಾಗಿ’ ನಿಂತು, ಬಂದ ನೆರವಿನಲ್ಲಿ ಪಾಲು ಕೀಳುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಗುಡಾರ ಹೆಚ್ಚಿದ್ದಷ್ಟೂ ಅವರ ಪಾಲು ಹೆಚ್ಚು. ಖಾಲಿ ಗುಡಾರಗಳೂ ನಿಲ್ಲುತ್ತವೆ. ಪಕ್ಕದ ಹಳ್ಳಿಯವರು ಪಡಿತರದ ದಿನ ಮಾತ್ರ ಬಂದು ಕೂರುವುದೂ ಉಂಟು. ಅನುಭವ ಇರುವ ಎಣಿಕೆದಾರರು ಮುಸ್ಸಂಜೆಯಲ್ಲಿ ಮತ್ತೊಮ್ಮೆ ಹೋಗುತ್ತಾರೆ. ಒಲೆಯ ಬೂದಿ ಬೆಚ್ಚಗಿದೆಯೇ, ನೀರಿನ ಕ್ಯಾನ್ ತುಂಬಿದೆಯೇ, ಶೌಚಾಲಯ ಬಳಕೆಯಲ್ಲಿದೆಯೇ ಎಂದು ನೋಡುತ್ತಾರೆ.

ಆದರೆ ನನ್ನ ಅನುಭವದಲ್ಲಿ ದೊಡ್ಡ ತಪ್ಪು ಆಗುವುದು ಮತ್ತೊಂದು ದಿಕ್ಕಿನಲ್ಲಿ. ಎಣಿಕೆಗೆ ಸಿಗುವವರು ಶಿಬಿರದಲ್ಲಿರುವವರು. ನಗರದಲ್ಲಿ ಅಣ್ಣನ ಮನೆಯ ಒಂದು ಕೋಣೆಯಲ್ಲಿ ಎಂಟು ಜನ ಮಲಗುವ ಕುಟುಂಬ ಯಾರ ಕಣ್ಣಿಗೂ ಬೀಳುವುದಿಲ್ಲ. ಬಾಡಿಗೆ ಕಟ್ಟಲಾಗದೆ ಅವರು ಇನ್ನೊಂದು ಬಡಾವಣೆಗೆ ಹೋದಾಗ ಅದನ್ನು ಯಾರೂ ಸ್ಥಳಾಂತರವೆಂದು ಬರೆಯುವುದಿಲ್ಲ. ಉಬ್ಬಿದ ಅಂಕಿಯ ಬಗ್ಗೆ ಪತ್ರಿಕೆಗಳು ಬರೆಯುತ್ತವೆ. ಬಿಟ್ಟುಹೋದ ಅಂಕಿಗೆ ವಕೀಲರಿಲ್ಲ.

ಗುಳೆಯ ಪ್ರಶ್ನೆ ಕೇಳಿದಿರಿ. ದೀಪಾವಳಿ ಕಳೆಯುತ್ತಿದ್ದಂತೆ ತರಗತಿಯ ಬೆಂಚುಗಳು ಖಾಲಿಯಾಗುವುದನ್ನು ವರ್ಷವರ್ಷವೂ ನೋಡಿದವರಿಗೇ ಹೊಳೆಯುವ ಪ್ರಶ್ನೆ ಅದು. ಈ ಕ್ಷೇತ್ರದ ಅತಿ ಕಠಿಣ ಪ್ರಶ್ನೆಯೂ ಹೌದು. ನೆರೆಗೆ ದಿನಾಂಕವಿದೆ. ಬರಕ್ಕೆ ಇಲ್ಲ. ಒಂದು ಮಳೆ ತಪ್ಪಿದಾಗ ಮಗ ಪಟ್ಟಣಕ್ಕೆ ಹೋಗುತ್ತಾನೆ, ಎರಡನೆಯದು ತಪ್ಪಿದಾಗ ಆಡು ಮಾರುತ್ತಾರೆ, ಮೂರನೆಯದಕ್ಕೆ ಎಲ್ಲರೂ ಹೊರಡುತ್ತಾರೆ. ಇದರಲ್ಲಿ ಯಾವ ಹೆಜ್ಜೆ ಇಷ್ಟಪಟ್ಟು ಹೋದದ್ದು, ಯಾವುದು ಬೇರೆ ದಾರಿಯಿಲ್ಲದೆ ಹೋದದ್ದು? ಹೆಚ್ಚಿನ ದೇಶಗಳು ಈ ಗೆರೆಯನ್ನು ಎಳೆಯಲು ಪ್ರಯತ್ನಿಸಿಯೇ ಇಲ್ಲ. ಆದ್ದರಿಂದ ಬರದಿಂದಾದ ಸ್ಥಳಾಂತರದ ಲೆಕ್ಕ ಜಗತ್ತಿನಲ್ಲೇ ತೀರಾ ಕಡಿಮೆ ಕಡೆ ಸಿಗುತ್ತದೆ.

ಸೊಮಾಲಿಯಾ ಇದಕ್ಕೆ ಅಪವಾದ. 2020ರ ಕೊನೆಯಿಂದ ಆಫ್ರಿಕಾದ ಕೊಂಬಿನಲ್ಲಿ ಸತತ ಐದು ಮಳೆಗಾಲಗಳು ಕೈಕೊಟ್ಟವು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಮತ್ತು ನಾರ್ವೆಯ ಮಂಡಳಿ ಸೇರಿ ನಡೆಸುತ್ತಿದ್ದ ಜಾಲವೊಂದು ರಸ್ತೆ ಕೂಡುಗಳು, ಶಿಬಿರಗಳ ಬಾಗಿಲುಗಳಲ್ಲಿ ಸ್ಥಳೀಯರನ್ನು ನಿಲ್ಲಿಸಿ, ಬಂದ ಕುಟುಂಬಗಳನ್ನು ಕೇಳಿ ಬರೆದುಕೊಂಡಿತು. 2021ರ ಜನವರಿಯಿಂದ 2022ರ ಆಗಸ್ಟ್ ಹೊತ್ತಿಗೆ ಬರದಿಂದಲೇ ಹತ್ತು ಲಕ್ಷ ಜನ ಊರು ಬಿಟ್ಟಿದ್ದಾರೆ ಎಂದು ಜಗತ್ತಿಗೆ ತಿಳಿದದ್ದು ಹೀಗೆ. ಆದರೆ ಬೈದೋವಾ ಪಟ್ಟಣಕ್ಕೆ ಬಂದ ಅನೇಕರು ಅಲ್ ಶಬಾಬ್ ಎಂಬ ಸಶಸ್ತ್ರ ಗುಂಪಿನ ಹಿಡಿತದ ಹಳ್ಳಿಗಳವರು. ಮಳೆ ಹೋದದ್ದು ನಿಜ. ನೆರವು ಆ ಹಳ್ಳಿಗಳಿಗೆ ತಲುಪದಂತೆ ಮಾಡಿದ್ದು ಬಂದೂಕು. ನಮೂನೆಯಲ್ಲಿ ‘ಕಾರಣ’ ಎಂಬ ಒಂದೇ ಚೌಕವಿದ್ದರೆ ಬರ ಎಂದು ಗುರುತು ಹಾಕಬೇಕೇ, ಸಂಘರ್ಷ ಎಂದೇ? ಯಾವುದನ್ನು ಬರೆದರೂ ಅರ್ಧ ಕಥೆ ಬಿಟ್ಟುಹೋಗುತ್ತದೆ. ಕಾರಣ ಕೇಳುವ ಬದಲು ಘಟನೆಗಳ ಸರಣಿ ಕೇಳಿ ಎಂದು ನಾನು ಕಿರಿಯರಿಗೆ ಯಾವಾಗಲೂ ಹೇಳುತ್ತೇನೆ: ಮೊದಲು ಏನು ಹೋಯಿತು, ಆಮೇಲೆ ಏನು ಮಾರಿದಿರಿ, ಕೊನೆಗೆ ಯಾವ ದಿನ ಹೊರಟಿರಿ. ಉತ್ತರ ಉದ್ದವಾಗುತ್ತದೆ, ಆದರೆ ನೆರವು ಎಲ್ಲಿ ಮೊದಲೇ ತಲುಪಬೇಕಿತ್ತು ಎಂಬುದು ಅದರಲ್ಲೇ ಇರುತ್ತದೆ.

ದನಗಾಹಿಗಳ ಸಂಗತಿ ಇನ್ನೂ ಸೂಕ್ಷ್ಮ. ಉತ್ತರ ಕೆನ್ಯಾದ ತುರ್ಕಾನಾಗಳಿಗೆ, ಸೊಮಾಲಿಯಾದ ಒಂಟೆ ಸಾಕುವವರಿಗೆ ಸಂಚಾರವೇ ಬದುಕು. ಮಂದೆಯೊಂದಿಗೆ ದೂರದ ಮೇವಿಗೆ ಹೋದವನು ನೆಲೆ ಕಳೆದುಕೊಂಡವನಲ್ಲ. ಮಂದೆ ಸತ್ತು, ಎಲ್ಲಿಗೂ ಹೋಗಲಾಗದೆ ರಸ್ತೆಬದಿಯ ಜೋಪಡಿಯಲ್ಲಿ ಕೂತವನು ನಿಜಕ್ಕೂ ಕಳೆದುಕೊಂಡವನು. ಚಲನೆಯನ್ನು ಹಿಡಿಯಲು ರೂಪಿಸಿದ ಯಾವ ಯಂತ್ರಕ್ಕೂ ಅವನು ಕಾಣಿಸುವುದಿಲ್ಲ. ಅವನ ವಿಷಯದಲ್ಲಿ ಎಣಿಸಬೇಕಾದದ್ದು ಎಷ್ಟು ಪ್ರಾಣಿಗಳು ಉಳಿದಿವೆ ಎಂಬುದನ್ನು. ಹಾಗೆಯೇ ಗಾಡಿಯ ಬಾಡಿಗೆಗೂ ಕಾಸಿಲ್ಲದೆ ಹಳ್ಳಿಯಲ್ಲೇ ಉಳಿದ ಮುದುಕರು, ಬಾಣಂತಿಯರು. 2011ರ ಸೊಮಾಲಿಯಾ ಕ್ಷಾಮದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಸತ್ತರು. ಗಡಿಯಾಚೆ ಕೆನ್ಯಾದ ದಾದಾಬ್ ನಿರಾಶ್ರಿತರ ಶಿಬಿರ ತಲುಪಿದವರ ಲೆಕ್ಕ ನಮ್ಮ ಬಳಿ ಚೆನ್ನಾಗಿತ್ತು. ಹೊರಡಲಾಗದವರದ್ದು ಇರಲಿಲ್ಲ.

ಈಗ ನಿಮ್ಮ ದೊಡ್ಡ ಆತಂಕ. ಬೆರಳಚ್ಚಿನ ವಿಷಯದಲ್ಲಿ ಅದೇ ದಾದಾಬ್ ಸುತ್ತಲಿನ ಒಂದು ಸಂಗತಿ ಹೇಳುತ್ತೇನೆ. ಕೆನ್ಯಾದ ಗಾರಿಸ್ಸಾ ಜಿಲ್ಲೆಯ ಬಡ ಸೊಮಾಲಿ ಕುಟುಂಬಗಳು ಕೆನ್ಯಾದ ಪ್ರಜೆಗಳೇ. ಬರ ಬಿದ್ದಾಗ ಪಕ್ಕದ ಶಿಬಿರದಲ್ಲಿ ಪಡಿತರ ಸಿಗುತ್ತಿತ್ತು, ತಮ್ಮ ಹಳ್ಳಿಯಲ್ಲಿ ಸಿಗುತ್ತಿರಲಿಲ್ಲ. ಹಸಿದ ತಾಯಂದಿರು ಮಕ್ಕಳನ್ನು ಕರೆದೊಯ್ದು ನಿರಾಶ್ರಿತರೆಂದು ಹೆಸರು ಬರೆಸಿದರು, ಬೆರಳು ಒತ್ತಿಸಿದರು. ಆ ಮಕ್ಕಳು ಹದಿನೆಂಟು ತುಂಬಿ ರಾಷ್ಟ್ರೀಯ ಗುರುತಿನ ಚೀಟಿಗೆ ಅರ್ಜಿ ಹಾಕಿದಾಗ ಕಂಪ್ಯೂಟರ್ ‘ನೀವು ನಿರಾಶ್ರಿತರು’ ಎಂದಿತು. ಚೀಟಿಯಿಲ್ಲದೆ ಬ್ಯಾಂಕ್ ಖಾತೆಯಿಲ್ಲ, ಸಿಮ್ ಇಲ್ಲ, ಕೆಲಸವಿಲ್ಲ. ಹತ್ತಾರು ಸಾವಿರ ಜನ ಹೀಗೆ ತಮ್ಮ ದೇಶದಲ್ಲೇ ಪ್ರಜೆಗಳಲ್ಲದಂತಾದರು, ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಬೆರಳಚ್ಚು ತೆಗೆದ ದಿನ ಯಾರ ಮನಸ್ಸಿನಲ್ಲೂ ಕೇಡಿರಲಿಲ್ಲ. ಎರಡು ಕಡೆ ಪಡಿತರ ಪಡೆಯುವುದನ್ನು ತಡೆಯಬೇಕೆಂಬ ಸದುದ್ದೇಶವೇ ಇತ್ತು. ಆದರೆ ಹಾಳೆಯಲ್ಲಿ ಬರೆದ ತಪ್ಪು ಹೆಸರು ಮರೆತುಹೋಗುತ್ತದೆ, ಬೆರಳಚ್ಚು ಮರೆಯುವುದಿಲ್ಲ.

ಸಂಗ್ರಹಿಸಿದ ಸಂಸ್ಥೆ ಎಷ್ಟೇ ಪ್ರಾಮಾಣಿಕವಾಗಿದ್ದರೂ ಸಾಲದು. 2022ರ ಜನವರಿಯಲ್ಲಿ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಸರ್ವರ್‌ಗಳಿಗೆ ಕನ್ನ ಬಿದ್ದು, 5.15 ಲಕ್ಷಕ್ಕೂ ಹೆಚ್ಚು ಜನರ ವಿವರಗಳು ಬಯಲಾದವು. ಯುದ್ಧ, ವಲಸೆ, ವಿಪತ್ತುಗಳಲ್ಲಿ ಕುಟುಂಬದಿಂದ ಬೇರ್ಪಟ್ಟವರ ಮಾಹಿತಿ ಅದು. ಅದಕ್ಕಿಂತ ನಾಜೂಕಾದ ಪಟ್ಟಿ ಬೇರೊಂದಿಲ್ಲ.

ಮೊಬೈಲ್ ಜಾಡಿನ ಬಗ್ಗೆ ಅರ್ಧ ಭಯ, ಅರ್ಧ ಭ್ರಮೆ ಎರಡೂ ಚಾಲ್ತಿಯಲ್ಲಿವೆ. 2010ರ ಹೈಟಿ ಭೂಕಂಪದ ನಂತರ, ಮೊಬೈಲ್ ಕಂಪನಿಯ ದಾಖಲೆಗಳಿಂದ ರಾಜಧಾನಿ ಬಿಟ್ಟವರು ಎತ್ತ ಹೋದರು ಎಂದು ತಿಳಿಯಬಹುದೆಂದು ಸಂಶೋಧಕರು ತೋರಿಸಿದರು. ಈಗ ಇದನ್ನು ಆಫ್ರಿಕಾದಲ್ಲೂ ಬಳಸಲಾಗುತ್ತಿದೆ. ಇದರಲ್ಲಿ ಯಾರ ಹೆಸರೂ ಬೇಕಿಲ್ಲ. ಈ ಗೋಪುರದಿಂದ ಆ ಗೋಪುರಕ್ಕೆ ಇಷ್ಟು ಸಿಮ್‌ಗಳು ಸರಿದವು ಎಂಬ ಮೊತ್ತ ಸಾಕು. ಆದರೆ ಮನೆಗೊಂದೇ ಫೋನ್ ಇರುವ ಹಳ್ಳಿಯಲ್ಲಿ ಅದು ಗಂಡಸಿನ ಜೇಬಿನಲ್ಲಿರುತ್ತದೆ. ಫೋನ್ ಪಟ್ಟಣಕ್ಕೆ ಹೋಯಿತು ಎಂದರೆ ಕುಟುಂಬ ಹೋಯಿತು ಎಂದಲ್ಲ. ನೆರೆಯಲ್ಲಿ ಮೊದಲು ಮುಳುಗುವುದೂ ಗೋಪುರಗಳ ವಿದ್ಯುತ್ತೇ. ಇನ್ನು, ಹೆಸರು ತೆಗೆದುಹಾಕಿದರೆ ಸಾಕು ಎಂಬ ಮಾತನ್ನು ನಂಬಬೇಡಿ. ಹದಿನೈದು ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವ್ಯಕ್ತಿಯೊಬ್ಬ ಎಲ್ಲಿ, ಯಾವಾಗ ಇದ್ದ ಎಂಬ ಕೇವಲ ನಾಲ್ಕು ಬಿಂದುಗಳಿಂದ ಶೇ 95ರಷ್ಟು ಜನರನ್ನು ಗುಂಪಿನಿಂದ ಬೇರ್ಪಡಿಸಿ ಗುರುತಿಸಬಹುದಿತ್ತು. ಮೊತ್ತಗಳನ್ನಷ್ಟೇ ಪಡೆಯಿರಿ, ಬಿಡಿ ಬಿಡಿ ಜಾಡನ್ನು ಕಂಪನಿಯ ಹೊರಗೆ ತರಲೇಬೇಡಿ ಎನ್ನುವುದು ಇದಕ್ಕಾಗಿಯೇ.

ಉಪಗ್ರಹಗಳಿಂದ ಅಂಥ ಅಪಾಯ ಕಡಿಮೆ. ಸೆಂಟಿನೆಲ್–1ರ ರಾಡಾರ್ ಮೋಡದ ಮೂಲಕವೂ ನೀರು ಎಲ್ಲಿ ನಿಂತಿದೆ ಎಂದು ತೋರಿಸುತ್ತದೆ. ಮೊದಲ ಎರಡು ಮೂರು ದಿನ ದೋಣಿಗಳನ್ನು ಎತ್ತ ಕಳುಹಿಸಬೇಕೆಂದು ಗೊತ್ತಾಗಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಮುಳುಗಿದ ಮನೆಯಲ್ಲಿ ಜನರಿದ್ದರೇ, ಎಲ್ಲಿಗೆ ಹೋದರು ಎಂಬುದನ್ನು ಮಾತ್ರ ಅದು ಹೇಳಲಾರದು.

ಹಾಗಾದರೆ ನಿಮ್ಮ ಮಗಳು ಏನು ಮಾಡಬೇಕು? ಮೊದಲ ವಾರಗಳಲ್ಲಿ ಹೆಸರೇ ಬೇಡ ಎಂಬುದು ನನ್ನ ನಿಲುವು. ಎಷ್ಟು ಕುಟುಂಬ, ಎಷ್ಟು ಹಸುಗೂಸು, ಎಷ್ಟು ಬಸುರಿಯರು, ನೀರು ಎಷ್ಟು ದೂರ ಎಂಬ ಮೊತ್ತಗಳಿಂದಲೇ ಟ್ಯಾಂಕರ್, ಗುಡಾರ, ಸೊಳ್ಳೆಪರದೆ ಕಳುಹಿಸಬಹುದು. ಹಣ ಅಥವಾ ಪಡಿತರವನ್ನು ಕುಟುಂಬದ ಕೈಗೇ ಕೊಡುವ ಹಂತ ಬಂದಾಗ ಹೆಸರಿನ ಪಟ್ಟಿ ಬೇಕಾಗುತ್ತದೆ. ಆಗಲೂ ಅದು ಎಣಿಕೆಯ ಕಡತದಿಂದ ಪ್ರತ್ಯೇಕವಾಗಿರಬೇಕು. ಬೆರಳಚ್ಚು ಇಲ್ಲದೆಯೇ ಟೋಕನ್, ಕಾರ್ಡಿನಿಂದ ಕೆಲಸ ನಡೆಯುವುದಾದರೆ ಅದೇ ಲೇಸು. ಸ್ವಲ್ಪ ಸೋರಿಕೆ ಆದೀತು. ಗಾರಿಸ್ಸಾದ ಯುವಕರು ತೆತ್ತ ಬೆಲೆಯ ಮುಂದೆ ಆ ಸೋರಿಕೆ ಏನೇನೂ ಅಲ್ಲ. ಬೆರಳು ಒತ್ತಲು ಒಪ್ಪದವರಿಗೂ ಅಕ್ಕಿ ಸಿಗುತ್ತದೆಯೇ ಎಂದು ಅವಳು ಕೇಳಲಿ. ಸಿಗುವುದಿಲ್ಲ ಎಂದರೆ ಅಲ್ಲಿ ಪಡೆದ ‘ಒಪ್ಪಿಗೆ’ಗೆ ಅರ್ಥವಿಲ್ಲ.

ಬೈರಾದಲ್ಲಿ ಅವಳಿಗೆ ಇದಕ್ಕಿಂತ ದೊಡ್ಡ ಕೆಲಸವೊಂದು ಕಾದಿದೆ. 2019ರ ಮಾರ್ಚ್ 14ರ ರಾತ್ರಿ ಇಡಾಯ್ ಚಂಡಮಾರುತ ಆ ನಗರದ ಹತ್ತಿರ ನೆಲಕ್ಕೆ ಅಪ್ಪಳಿಸಿತು. ಮೊಜಾಂಬಿಕ್ ಒಂದರಲ್ಲೇ ಆರು ನೂರಕ್ಕೂ ಹೆಚ್ಚು ಜನ ಸತ್ತರು. ಬುಜಿ ನದಿಯ ಬಯಲಿನಿಂದ ಜನರನ್ನು ಎತ್ತರದ ಹೊಸ ಬಡಾವಣೆಗಳಿಗೆ ಸರ್ಕಾರ ಸಾಗಿಸಿತು. ಅಲ್ಲಿ ಮುಳುಗಡೆಯ ಭಯವಿಲ್ಲ, ಆದರೆ ಉಳುವ ನೆಲವೂ ಹತ್ತಿರವಿಲ್ಲ. ಅವರ ಮಶಾಂಬ, ಅಂದರೆ ಹೊಲ, ಇರುವುದು ಕೆಳಗೆ ನದಿ ತಂದ ಕಪ್ಪು ಮಣ್ಣಿನಲ್ಲಿ. ಹೀಗಾಗಿ ಮನೆಯಲ್ಲಿ ಕೆಲವರು ಮೇಲೆ, ಕೆಲವರು ಕೆಳಗೆ. 2021ರ ಜನವರಿ 23ರಂದು ಎಲೊಯಿಸ್ ಚಂಡಮಾರುತ ಬಂದಾಗ ಆ ಹೊಸ ಬಡಾವಣೆಗಳ ಗುಡಾರಗಳೂ ಹಾರಿಹೋದವು. ಈ ಕುಟುಂಬ ‘ಮರಳಿದ’ ಪಟ್ಟಿಯಲ್ಲಿದೆಯೇ, ‘ಪುನರ್ವಸತಿಯಾದ’ ಪಟ್ಟಿಯಲ್ಲೇ, ‘ಸ್ಥಳಾಂತರಗೊಂಡ’ ಪಟ್ಟಿಯಲ್ಲೇ? ಒಂದೊಂದು ಕಚೇರಿ ಒಂದೊಂದರಲ್ಲಿ ಬರೆದುಕೊಂಡು ಕೈತೊಳೆದುಕೊಳ್ಳುವ ಸಾಧ್ಯತೆಯೇ ಹೆಚ್ಚು.

ವಿಶ್ವಸಂಸ್ಥೆಯ ಸಂಖ್ಯಾಶಾಸ್ತ್ರ ಆಯೋಗ 2020ರಲ್ಲಿ ಒಪ್ಪಿದ ಶಿಫಾರಸುಗಳ ಪ್ರಕಾರ, ಹಳೆಯ ಊರಿಗೆ ಹೆಜ್ಜೆ ಇಟ್ಟ ಮಾತ್ರಕ್ಕೆ ಸ್ಥಳಾಂತರ ಮುಗಿಯುವುದಿಲ್ಲ. ಸುರಕ್ಷತೆ, ವಾಸ, ದುಡಿಮೆ, ದಾಖಲೆಪತ್ರಗಳಲ್ಲಿ ಸುತ್ತಲಿನವರಿಗೆ ಸಮನಾಗಿ ನಿಲ್ಲಬೇಕು. ಕಾನೂನೂ ಇದೆ: 2009ರಲ್ಲಿ ಅಂಗೀಕಾರವಾಗಿ 2012ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಆಫ್ರಿಕಾ ಒಕ್ಕೂಟದ ಕಂಪಾಲಾ ಒಪ್ಪಂದ, ಹವಾಮಾನ ಬದಲಾವಣೆ ಸೇರಿದಂತೆ ವಿಪತ್ತುಗಳಿಂದ ನೆಲೆ ತಪ್ಪಿದವರನ್ನು ಕಾಪಾಡುವುದು ಸರ್ಕಾರದ ಹೊಣೆ ಎಂದು ಬರೆದಿದೆ. ಇಷ್ಟಿದ್ದರೂ ದೇಣಿಗೆಯ ಹಣ ಆರು ತಿಂಗಳಿಗೆ ಮುಗಿಯುತ್ತದೆ, ಎಣಿಕೆಯೂ ನಿಲ್ಲುತ್ತದೆ. ಮೊದಲ ವಾರ ದಿನಕ್ಕೊಂದು ವರದಿ, ಮೂರನೆಯ ವರ್ಷಕ್ಕೆ ಒಂದೂ ಇಲ್ಲ. ಮಗಳಿಗೆ ಅವಕಾಶ ಸಿಕ್ಕರೆ, ಕೆಲವೇ ಕುಟುಂಬಗಳನ್ನು ಅವರ ಒಪ್ಪಿಗೆಯಿಂದ ನಾಲ್ಕೈದು ವರ್ಷ ಹಿಂಬಾಲಿಸುವ ಸಣ್ಣ ಸಮೀಕ್ಷೆಯೊಂದಕ್ಕೆ ಹಣ ಕೇಳಲಿ. ಬಡಾವಣೆ ಕಟ್ಟುವವರು ಹೊಲದ ದೂರವನ್ನು ಅಳೆಯಬೇಕಿತ್ತು ಎಂಬುದು ಅಂಥ ಸಮೀಕ್ಷೆಯಲ್ಲೇ ತಿಳಿಯುವುದು.

ಕೆಲಸಕ್ಕೆ ಸೇರುವ ಮುನ್ನ ಮೂರು ಮಾತು ಬರಹದಲ್ಲಿ ಕೇಳಿ ಪಡೆಯಲು ಹೇಳಿ: ಹೆಸರಿರುವ ಕಡತ ಯಾವ ದೇಶದ ಸರ್ವರ್‌ನಲ್ಲಿರುತ್ತದೆ, ಸರ್ಕಾರವೋ ದೇಣಿಗೆದಾರರೋ ಕೇಳಿದರೆ ಯಾರು ಇಲ್ಲ ಎನ್ನಬಲ್ಲರು, ಅದನ್ನು ಅಳಿಸುವ ದಿನ ಯಾವುದು. ಉತ್ತರ ಸಿಕ್ಕಿತೆಂದರೆ ನೆಮ್ಮದಿಯಿಂದ ಕಳುಹಿಸಿಕೊಡಿ. ಹೊರಡುವ ಮುಂಚೆ ಪೋರ್ಚುಗೀಸ್ ಕಲಿಯಲು ಶುರುಮಾಡಲಿ, ಅದು ಕಚೇರಿಗೆ ಸಾಕು. ಸೊಫಾಲಾ ಪ್ರಾಂತ್ಯದ ಹಳ್ಳಿಗಳಲ್ಲಿ ಆಡುವುದು ಸೇನಾ ಮತ್ತು ನ್ಡಾವು ಭಾಷೆಗಳನ್ನು. ಆ ಭಾಷೆ ಬಲ್ಲ ಸ್ಥಳೀಯ ಹೆಂಗಸರು ಎಣಿಕೆಯ ತಂಡದಲ್ಲಿ ಅರ್ಧದಷ್ಟಾದರೂ ಇರಬೇಕೆಂದು ಮೊದಲ ದಿನವೇ ಹಟ ಹಿಡಿಯಲಿ. ಮನೆಯಲ್ಲಿ ಎಷ್ಟು ಜನ, ಯಾರು ಹಿಂದೆ ಉಳಿದರು ಎಂಬುದನ್ನು ತಾಯಂದಿರು ಗಂಡಸು ಎಣಿಕೆದಾರನಿಗೆ ಹೇಳುವುದಕ್ಕಿಂತ ಅವರಿಗೆ ಹೇಳುವುದೇ ಹೆಚ್ಚು.